ಬಾಯ್ಲರ್ ಪ್ರೆಶರ್ ಇಳಿಯುತ್ತಲೇ ಇದೆ, ಮನೆಯಲ್ಲಿ ಎಲ್ಲೂ ಒದ್ದೆ ಇಲ್ಲ. ನೆಲ ಒಡೆಸಲೇಬೇಕಾ?

ರೆಡಿಂಗ್ ಮನೆಯವನು:

ಎಲ್ಲರಿಗೂ ನಮಸ್ಕಾರ. ಯುಕೆಯಲ್ಲಿರುವ ನಮ್ಮವರಲ್ಲಿ ಹೀಟಿಂಗ್ ವಿಷಯ ಗೊತ್ತಿರುವವರು ಇದ್ದರೆ ದಯವಿಟ್ಟು ಪೂರ್ತಿ ಓದಿ.

ನಮ್ಮದು ರೆಡಿಂಗ್‌ನಲ್ಲಿ ಸೆಮಿ ಡಿಟ್ಯಾಚ್ಡ್ ಮನೆ, 1970ರ ದಶಕದ್ದು. ಅಡುಗೆಮನೆಯ ಕಪಾಟಿನಲ್ಲಿ ಕಾಂಬಿ ಬಾಯ್ಲರ್ (ಹೀಟಿಂಗ್ ಮತ್ತು ನಲ್ಲಿಯ ಬಿಸಿನೀರು ಎರಡನ್ನೂ ಕೊಡುವುದು) ಇದೆ. ಕೆಳಗಡೆ ಕಾಂಕ್ರೀಟ್ ನೆಲ, ಮಹಡಿಯಲ್ಲಿ ಮರದ ಹಲಗೆ. ಒಂಬತ್ತು ರೇಡಿಯೇಟರ್, ಜೊತೆಗೆ ಬಾತ್‌ರೂಮಿನಲ್ಲಿ ಒಂದು ಟವೆಲ್ ರೇಲ್. ಚಳಿ ಶುರುವಾದಾಗಿನಿಂದ ಪ್ರೆಶರ್ ನಿಲ್ಲುತ್ತಲೇ ಇಲ್ಲ. ರಾತ್ರಿ ಹೀಟಿಂಗ್ ಆಫ್ ಆದ ಮೇಲೆ ಫಿಲ್ಲಿಂಗ್ ಲೂಪ್ (ಮೇನ್ಸ್ ನೀರನ್ನು ಹೀಟಿಂಗ್ ಲೈನಿಗೆ ತುಂಬಿಸುವ ಪೈಪ್) ತಿರುಗಿಸಿ 1.5 ಬಾರ್‌ಗೆ ತಂದು ಮಲಗುತ್ತೇನೆ. ಬೆಳಿಗ್ಗೆ ನೋಡಿದರೆ ಗೇಜಿನ ಮುಳ್ಳು 0.6ರ ಹತ್ತಿರ ಇರುತ್ತದೆ. ಕೆಲವು ಸಲ ಬಾಯ್ಲರ್ ಲಾಕ್ ಆಗಿಯೇ ಇರುತ್ತದೆ, ಮನೆಯೆಲ್ಲ ತಣ್ಣಗೆ. ಮೈಸೂರಿನಿಂದ ಅಪ್ಪ ಅಮ್ಮ ಬಂದಿದ್ದಾರೆ. ಅಮ್ಮನಿಗೆ ಮಂಡಿನೋವು, ಈ ಚಳಿಗೆ ಇನ್ನೂ ಜಾಸ್ತಿ ಆಗಿದೆ. ಅದಕ್ಕೇ ಅರ್ಜೆಂಟು.

ರೇಡಿಯೇಟರ್‌ಗಳ ಕೆಳಗೆಲ್ಲ ಕೈಯಾಡಿಸಿ ನೋಡಿದೆ, ಒಣಗಿದೆ. ಅಡುಗೆಮನೆಯ ಸೀಲಿಂಗಿನಲ್ಲಿ ಕಲೆ ಇಲ್ಲ. ಹಿಂದೆ ಒಬ್ಬ ಪ್ಲಂಬರ್ ಬಂದು ಪ್ರೆಶರ್ ರಿಲೀಫ್ ವಾಲ್ವ್ (ಪ್ರೆಶರ್ ಅತಿಯಾದರೆ ನೀರನ್ನು ಹೊರಗೆ ಬಿಡುವುದು) ಬದಲಿಸಿ ಹೋಗಿದ್ದರು. ಸ್ವಲ್ಪ ಕಾಲ ಸರಿ ಇತ್ತು, ಆಮೇಲೆ ಮತ್ತೆ ಅದೇ ಕಥೆ. ಈಗ ಅವರು ಹೇಳುವುದು ಕಾಂಕ್ರೀಟ್ ಒಳಗಿನ ಪೈಪ್ ತೂತಾಗಿದೆ, ಒಂದೋ ನೆಲ ಒಡೆಯಬೇಕು, ಇಲ್ಲಾ ಹೊಸ ಪೈಪನ್ನು ಗೋಡೆಯ ಮೇಲೆ ಎಳೆಯಬೇಕು ಅಂತ. ಆಫೀಸಿನಲ್ಲಿ ಒಬ್ಬರು ಲೀಕ್ ಸೀಲರ್ (ತೂತನ್ನು ಒಳಗಿನಿಂದ ಮುಚ್ಚುವ ದ್ರವ) ಸುರಿದುಬಿಡು ಅಂದರು. ನೆಲ ಒಡೆಸುವ ಮೊದಲು ನಾನೇ ನೋಡಿಕೊಳ್ಳಬಹುದಾದದ್ದು ಏನಾದರೂ ಇದೆಯಾ?


ಮಿಲ್ಟನ್ ಕೀನ್ಸ್ ಅಣ್ಣ:

ನಮ್ಮ ಮನೆಯಲ್ಲಿ ನಿಜವಾಗಿಯೂ ನೆಲದೊಳಗೇ ಲೀಕ್ ಇತ್ತು. ಮನೆ ಕಟ್ಟಿದಾಗ ಹಾಕಿದ ತಾಮ್ರದ ಪೈಪಿಗೆ ಹೊದಿಕೆ ಇರಲಿಲ್ಲ. ಸಿಮೆಂಟು ನೇರವಾಗಿ ತಾಗಿ ತಾಗಿ ವರ್ಷಗಳ ಮೇಲೆ ತಿಂದುಹಾಕಿತ್ತು. ನೀರೆಲ್ಲ ಕೆಳಗಿನ ಮಣ್ಣಿಗೆ ಇಂಗುತ್ತದೆ, ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಹಾಲಿನ ಒಂದು ಮೂಲೆಯಲ್ಲಿ ಮಾತ್ರ ಬರಿಗಾಲಿಗೆ ಬೆಚ್ಚಗೆ ಅನ್ನಿಸುತ್ತಿತ್ತು.

ಹುಡುಕುವವರು ಮೊದಲು ಥರ್ಮಲ್ ಕ್ಯಾಮೆರಾ ಹಿಡಿದು ನೋಡಿದರು. ಆಮೇಲೆ ಪೈಪಿನ ನೀರು ಖಾಲಿ ಮಾಡಿ ಟ್ರೇಸರ್ ಗ್ಯಾಸ್ ತುಂಬಿಸಿದರು. 5% ಹೈಡ್ರೋಜನ್, ಉಳಿದದ್ದು ನೈಟ್ರೋಜನ್. ಅದು ಕಾಂಕ್ರೀಟ್ ದಾಟಿ ಮೇಲೆ ಬರುತ್ತದೆ, ಸೆನ್ಸರ್ ಹಿಡಿದು ನೆಲದ ಮೇಲೆ ಓಡಾಡಿದರೆ ಜಾಗ ಸಿಗುತ್ತದೆ. ಒಡೆದದ್ದು ಒಂದು ಟೈಲಿನಷ್ಟು ಜಾಗ ಮಾತ್ರ. ನಿಮ್ಮ ಹೋಮ್ ಇನ್ಶೂರೆನ್ಸ್ ಕಾಗದದಲ್ಲಿ 'ಟ್ರೇಸ್ ಅಂಡ್ ಆ್ಯಕ್ಸೆಸ್' ಅಂತ ಇದೆಯಾ ನೋಡಿ. ಇದ್ದರೆ ಹುಡುಕುವ ಮತ್ತು ಒಡೆದು ಮುಚ್ಚುವ ಖರ್ಚು ಅದರಲ್ಲಿ ಬರುತ್ತದೆ. ಆದರೆ ಬಹಳ ದಿನದಿಂದ ನಿಧಾನವಾಗಿ ಸೋರುತ್ತಿತ್ತು ಅಂತಾದರೆ ತಕರಾರು ತೆಗೆಯಬಹುದು. ಹಾಗಾಗಿ ಬೇಗ ತಿಳಿಸಿಬಿಡಿ.


ಲೀಡ್ಸ್ ಹೀಟಿಂಗ್:

ರೆಡಿಂಗ್ ಸಾರ್, ನಾನು ದಾವಣಗೆರೆ ಕಡೆಯವನು. ಇಲ್ಲಿ ಲೀಡ್ಸ್‌ನಲ್ಲಿ ಗ್ಯಾಸ್ ಸೇಫ್ (ಗ್ಯಾಸ್ ಕೆಲಸ ಮಾಡುವವರ ಅಧಿಕೃತ ನೋಂದಣಿ) ಇಂಜಿನಿಯರ್. ನೆಲಕ್ಕೆ ಸದ್ಯ ಕೈ ಹಚ್ಚಬೇಡಿ, ಸೀಲರನ್ನೂ ಸುರಿಯಬೇಡಿ. ಮಿಲ್ಟನ್ ಕೀನ್ಸ್ ಅಣ್ಣ ಹೇಳಿದ್ದು ಪೂರ್ತಿ ನಿಜ, 70ರ ದಶಕದ ಮನೆಗಳಲ್ಲಿ ಅಂಥದ್ದು ನಾನೂ ನೋಡಿದ್ದೇನೆ. ಆದರೆ ನಿಮ್ಮ ಬರಹದಲ್ಲಿ ಒಂದು ಸಾಲು ನನ್ನನ್ನು ತಡೆಯಿತು. ರಿಲೀಫ್ ವಾಲ್ವ್ ಬದಲಿಸಿದ ಮೇಲೆ ಸ್ವಲ್ಪ ಕಾಲ ಸರಿ ಇತ್ತು ಅಂದಿರಿ. ನೆಲದೊಳಗಿನ ತೂತು ಬಾಯ್ಲರಿನ ವಾಲ್ವ್ ಬದಲಿಸಿದರೆ ಸುಮ್ಮನಾಗುವುದಿಲ್ಲ, ಅಲ್ವಾ?

ಇದು ಸೀಲ್ಡ್ ಸಿಸ್ಟಂ. ಊರಿನ ಮನೆಯ ಹಾಗೆ ಮೇಲೆ ಟ್ಯಾಂಕ್ ಇಟ್ಟು ಅದರಿಂದ ತಾನಾಗಿ ತುಂಬಿಕೊಳ್ಳುವುದಲ್ಲ. ಒಮ್ಮೆ ತುಂಬಿದ ನೀರೇ ಸುತ್ತುತ್ತಾ ಇರಬೇಕು. ನೀರು ಕಾದರೆ ಹಿಗ್ಗುತ್ತದೆ. 10 ಡಿಗ್ರಿಯಿಂದ 80 ಡಿಗ್ರಿಗೆ ಹೋದರೆ ಸುಮಾರು 3% ಜಾಸ್ತಿ ಜಾಗ ಬೇಕು. ನಿಮ್ಮ ಮನೆಯ ಲೈನಿನಲ್ಲಿ ಹತ್ತಿರ ಹತ್ತಿರ 90-100 ಲೀಟರ್ ಇದೆ ಅಂದುಕೊಂಡರೆ ಎರಡು ಮೂರು ಲೀಟರ್ ನೀರಿಗೆ ಎಲ್ಲಾದರೂ ಜಾಗ ಬೇಕಲ್ಲ. ಅದಕ್ಕೇ ಬಾಯ್ಲರಿನೊಳಗೆ ಎಕ್ಸ್‌ಪ್ಯಾನ್ಶನ್ ವೆಸೆಲ್ ಇರುವುದು. ಒಂದು ಡಬ್ಬಿ, ನಡುವೆ ರಬ್ಬರ್ ಪರದೆ. ಒಂದು ಕಡೆ ಹೀಟಿಂಗ್ ನೀರು, ಇನ್ನೊಂದು ಕಡೆ ಗಾಳಿ. ಕಾರಿನ ಟೈರಿಗೆ ಇರುವಂಥದೇ ವಾಲ್ವ್ ಅದಕ್ಕೂ ಇರುತ್ತದೆ. ಆ ಗಾಳಿ ವರ್ಷಗಳ ಮೇಲೆ ಸ್ವಲ್ಪ ಸ್ವಲ್ಪವೇ ಹೋಗಿಬಿಡುತ್ತದೆ. ಹೋದರೆ ಹಿಗ್ಗಿದ ನೀರಿಗೆ ಜಾಗವಿಲ್ಲ, ಪ್ರೆಶರ್ ಸರ್ರನೆ ಏರುತ್ತದೆ, 3 ಬಾರ್ ಮುಟ್ಟಿದಾಗ ರಿಲೀಫ್ ವಾಲ್ವ್ ತೆರೆದು ನೀರನ್ನು ಮನೆಯ ಹೊರಗೆ ಚೆಲ್ಲುತ್ತದೆ. ತಣ್ಣಗಾದ ಮೇಲೆ ಅಷ್ಟು ನೀರು ಕಮ್ಮಿ. ಮುಳ್ಳು ಕೆಳಗೆ. ನೀವು ಮತ್ತೆ ತುಂಬಿಸುತ್ತೀರಿ, ಮತ್ತೆ ಅದೇ.

ಹಾಗಾಗಿ ನನ್ನ ಮೊದಲ ಪ್ರಶ್ನೆ: ಹೀಟಿಂಗ್ ಒಂದು ಗಂಟೆ ಓಡಿದ ಮೇಲೆ ಗೇಜ್ ಎಷ್ಟು ತೋರಿಸುತ್ತದೆ? ಬೆಳಗಿನ ಅಂಕಿ ಮಾತ್ರ ಹೇಳಿದ್ದೀರಿ. ಎರಡೂ ಬೇಕು, ತಣ್ಣಗಿದ್ದಾಗಿನದು ಮತ್ತು ಬಿಸಿ ಇದ್ದಾಗಿನದು. ತುಂಬಿಸುವುದನ್ನೂ ಪೂರ್ತಿ ತಣ್ಣಗಾದ ಮೇಲೆಯೇ ಮಾಡಿ. ರಾತ್ರಿ ಆಫ್ ಆದ ತಕ್ಷಣ ಪೈಪ್ ಇನ್ನೂ ಬಿಸಿ ಇರುತ್ತದೆ, ಆಗ 1.5 ಮಾಡಿದರೆ ಬೆಳಿಗ್ಗೆ ಸ್ವಲ್ಪ ಇಳಿದಿರುವುದು ಸಹಜ.

ಎರಡನೆಯದು, ಹೊರಗೆ ಹೋಗಿ ಬಾಯ್ಲರ್ ಇರುವ ಗೋಡೆಯ ಹಿಂದೆ ನೋಡಿ. ನೆಲಕ್ಕೆ ಹತ್ತಿರ 15 ಮಿ.ಮೀ. ತಾಮ್ರದ ಪೈಪ್ ಗೋಡೆಯಿಂದ ಹೊರಬಂದು ಮತ್ತೆ ಗೋಡೆಯ ಕಡೆಗೇ ಬಾಗಿರುತ್ತದೆ. ರಿಲೀಫ್ ವಾಲ್ವಿನ ಬಾಯಿ ಅದೇ. ಇಲ್ಲಿನ ಮಳೆಗೆ ಗೋಡೆ ಹೇಗೂ ಒದ್ದೆ, ಹನಿ ಬಿದ್ದದ್ದು ಗೊತ್ತೇ ಆಗುವುದಿಲ್ಲ. ಹೀಟಿಂಗ್ ಶುರುವಾಗುವ ಮೊದಲು ಅದಕ್ಕೊಂದು ಪ್ಲಾಸ್ಟಿಕ್ ಚೀಲ ಸಡಿಲವಾಗಿ ಸಿಕ್ಕಿಸಿ. ಸಡಿಲವಾಗಿ ಅಂದೆ, ನೆನಪಿರಲಿ. ಅದು ಸುರಕ್ಷತೆಯ ಪೈಪ್, ಮುಚ್ಚಲೇಬಾರದು. ಹೀಟಿಂಗ್ ಓಡುವಾಗ ಅದರ ಹತ್ತಿರ ಕೈ ಹಾಕಬೇಡಿ, ಕುದಿಯುವಷ್ಟು ಬಿಸಿ ನೀರು ಬರಬಹುದು.

ಈ ಎರಡು ಉತ್ತರ ಬರಲಿ, ಮುಂದೆ ಹೇಳುತ್ತೇನೆ.


ಹೌನ್ಸ್ಲೋ ಬಾಡಿಗೆ ಮನೆ:

ನಡುವೆ ಬಾಯಿ ಹಾಕುತ್ತಿದ್ದೇನೆ. ನಮಗೂ ಇದೇ ತೊಂದರೆ, ಆದರೆ ನಾವು ಬಾಡಿಗೆಗೆ ಇದ್ದೇವೆ. ಓನರ್ 'ನೀವೇ ಟಾಪ್ ಅಪ್ ಮಾಡ್ಕೊಳ್ಳಿ' ಅನ್ನುತ್ತಾರೆ. ಏನು ಮಾಡುವುದು?


ಲೀಡ್ಸ್ ಹೀಟಿಂಗ್:

ಹೌನ್ಸ್ಲೋ ಅವರೇ, ಅಪರೂಪಕ್ಕೊಮ್ಮೆ ತುಂಬಿಸುವುದು ಸರಿ. ವಾರ ವಾರ ತುಂಬಿಸಬೇಕು ಅಂದರೆ ಅದು ರಿಪೇರಿ. ಇಂಗ್ಲೆಂಡಿನಲ್ಲಿ 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಹೀಟಿಂಗ್ ಮತ್ತು ಬಿಸಿನೀರಿನ ವ್ಯವಸ್ಥೆ ಸರಿ ಇಡುವುದು ಓನರ್ ಜವಾಬ್ದಾರಿ. ಬಾಯಿಮಾತಲ್ಲಿ ಬಿಡಬೇಡಿ, ಗೇಜಿನ ಫೋಟೋ ಹಾಕಿ ಇಮೇಲ್ ಕಳಿಸಿ. ನೀವಾಗಿ ಏನನ್ನೂ ಬಿಚ್ಚಬೇಡಿ.


ರೆಡಿಂಗ್ ಮನೆಯವನು:

ಲೀಡ್ಸ್ ಸಾರ್, ನೀವು ಹೇಳಿದ ಹಾಗೇ ಮಾಡಿದೆ. ಪೂರ್ತಿ ತಣ್ಣಗಾದ ಮೇಲೆ 1.3ಕ್ಕೆ ತಂದೆ. ಹೀಟಿಂಗ್ ಹಾಕಿ ಕಪಾಟು ತೆರೆದುಕೊಂಡು ಅಲ್ಲೇ ಕೂತೆ. ಮುಳ್ಳು ಕಣ್ಣೆದುರೇ ಏರಿತು. 2 ದಾಟಿತು, 2.5 ದಾಟಿತು, ಕೆಂಪು ಗುರುತಿನ ಹತ್ತಿರ ಹೋಗಿ ಅಲ್ಲೇ ನಡುಗುತ್ತಾ ನಿಂತಿತು. ಆಫ್ ಮಾಡಿ ಎಲ್ಲ ತಣ್ಣಗಾದ ಮೇಲೆ ಹೊರಗೆ ಹೋಗಿ ನೋಡಿದರೆ ಚೀಲದಲ್ಲಿ ನೀರು! ಕಪ್ಪಗೆ, ಮಸಿ ಕದಡಿದ ಹಾಗೆ. ಗೇಜ್ ಈಗ 0.5. ಇದನ್ನು ಯಾರೂ ನೋಡಲೇ ಇಲ್ಲವಲ್ಲ ಅಂತ ತುಂಬಾ ಬೇಜಾರಾಯಿತು.

ಅಂದರೆ ನೆಲದಲ್ಲಿ ಲೀಕ್ ಇಲ್ಲ ಅಂತಾನಾ?


ಲೀಡ್ಸ್ ಹೀಟಿಂಗ್:

ಇಲ್ಲ ಅಂತ ಈಗಲೇ ಹೇಳಲಾರೆ. ಒಂದು ಕಾರಣ ಸಿಕ್ಕಿತು, ಅಷ್ಟೇ. ವೆಸೆಲ್‌ನಲ್ಲಿ ಗಾಳಿ ಇಲ್ಲ. ಹೊಸ ರಿಲೀಫ್ ವಾಲ್ವ್ ಹಾಕಿದರೂ ವೆಸೆಲ್ ಹಾಗೇ ಬಿಟ್ಟರೆ ಅದೂ ದಿನಾ ತೆರೆದು ಮುಚ್ಚುತ್ತದೆ. ನಿಮ್ಮ ಚೀಲದಲ್ಲಿದ್ದ ಕಪ್ಪು ನೀರಿನ ಕಸ ವಾಲ್ವ್ ಮುಚ್ಚಿಕೊಳ್ಳುವ ಜಾಗದಲ್ಲಿ ಕೂತು, ಆಮೇಲೆ ತಣ್ಣಗಿದ್ದಾಗಲೂ ಹನಿಸಲು ಶುರುಮಾಡುತ್ತದೆ. ವಾಲ್ವ್ ಬದಲಿಸಿದವರು ಅದು ಯಾಕೆ ಕೆಟ್ಟಿತು ಅಂತ ಕೇಳಿಕೊಳ್ಳಬೇಕಿತ್ತು. ನಮ್ಮ ಕೆಲಸದಲ್ಲಿ ನನಗೆ ಅತಿ ಬೇಸರ ತರುವುದು ಇದೇ. ಸೋರುವ ಭಾಗ ಬದಲಿಸಿ, ಅದನ್ನು ಸೋರಿಸಿದ್ದನ್ನು ಹಾಗೇ ಬಿಟ್ಟು ಹೋಗುವುದು.

ಈಗ ಗ್ಯಾಸ್ ಸೇಫ್ ಕಾರ್ಡ್ ಇರುವವರನ್ನು ಕರೆಸಿ. ಬಾಯ್ಲರಿನ ಮುಚ್ಚಳ ನೀವು ತೆಗೆಯಬೇಡಿ, ಹಲವು ಮಾಡೆಲ್‌ಗಳಲ್ಲಿ ಆ ಮುಚ್ಚಳವೇ ಹೊಗೆ ಹೊರಬರದ ಹಾಗೆ ತಡೆಯುವ ಸೀಲ್. ಅವರು ಮಾಡಬೇಕಾದದ್ದು ಇಷ್ಟು: ಬಾಯ್ಲರ್ ಕಡೆಯ ನೀರಿನ ಪ್ರೆಶರ್ ಸೊನ್ನೆಗೆ ಇಳಿಸಬೇಕು, ಡ್ರೇನ್ ತೆರೆದೇ ಇಟ್ಟು ವೆಸೆಲ್‌ಗೆ ಗಾಳಿ ತುಂಬಬೇಕು. ಮ್ಯಾನ್ಯುಯಲ್ ಹೇಳಿದಷ್ಟು, ಸಾಮಾನ್ಯವಾಗಿ 0.75ರಿಂದ 1 ಬಾರ್. ನೀರಿನ ಪ್ರೆಶರ್ ಇರುವಾಗಲೇ ಪಂಪ್ ಹೊಡೆದರೆ ಗೇಜ್ ಚೆನ್ನಾಗಿ ತೋರಿಸುತ್ತದೆ, ಆದರೆ ವೆಸೆಲ್ ಒಳಗೆ ಜಾಗ ಆಗಿರುವುದಿಲ್ಲ. ಇದನ್ನು ಕೇಳಿ ಖಚಿತ ಮಾಡಿಕೊಳ್ಳಿ. ಗಾಳಿಯ ವಾಲ್ವ್ ಒತ್ತಿದಾಗ ನೀರು ಬಂದರೆ ರಬ್ಬರ್ ಹರಿದಿದೆ, ಆಗ ವೆಸೆಲ್ ಬದಲಿಸಲೇಬೇಕು. ರಿಲೀಫ್ ವಾಲ್ವನ್ನೂ ಮತ್ತೆ ಪರೀಕ್ಷಿಸಲಿ.

ಅದಾದ ಮೇಲೆ ಒಂದು ರಾತ್ರಿ ಇದನ್ನು ಮಾಡಿ ನೋಡಿ. ಬಾಯ್ಲರ್ ಸ್ವಿಚ್ ಆಫ್ ಮಾಡಿ, ಕೆಳಗಿರುವ ಹೀಟಿಂಗ್ ಫ್ಲೋ (ನೀರು ಮನೆಗೆ ಹೋಗುವ ಪೈಪ್) ಮತ್ತು ರಿಟರ್ನ್ (ವಾಪಸ್ ಬರುವ ಪೈಪ್) ಐಸೊಲೇಶನ್ ವಾಲ್ವ್ ಎರಡನ್ನೂ ಮುಚ್ಚಿ. ಯಾವುದು ಯಾವುದು ಅಂತ ಇಂಜಿನಿಯರ್ ಹತ್ತಿರವೇ ತೋರಿಸಿಕೊಳ್ಳಿ, ಗ್ಯಾಸ್ ವಾಲ್ವ್ ಮುಟ್ಟಬೇಡಿ. ಈಗ ಬಾಯ್ಲರ್ ಬೇರೆ, ಮನೆಯ ಪೈಪ್ ಬೇರೆ. ಬೆಳಿಗ್ಗೆ ಗೇಜ್ ಇಳಿದಿದ್ದರೆ ಸೋರುವುದು ಬಾಯ್ಲರ್ ಒಳಗೆ, ಅಂದರೆ ರಿಲೀಫ್ ವಾಲ್ವ್ ಇಲ್ಲವೇ ಹೀಟ್ ಎಕ್ಸ್‌ಚೇಂಜರ್ (ಉರಿಯ ಬಿಸಿಯನ್ನು ನೀರಿಗೆ ಕೊಡುವ ಭಾಗ). ಬಾಯ್ಲರ್ ಆಫ್ ಆಗಿ ತಣ್ಣಗಿದ್ದಾಗಲೂ ಬಿಳಿ ಪ್ಲಾಸ್ಟಿಕ್ಕಿನ ಕಂಡೆನ್ಸೇಟ್ ಪೈಪಿನಲ್ಲಿ (ಹೊಗೆಯ ಹಬೆ ತಣಿದು ಆದ ನೀರು ಹೋಗುವ ಪೈಪ್) ನೀರು ಬರುತ್ತಲೇ ಇದ್ದರೆ ಎಕ್ಸ್‌ಚೇಂಜರ್ ಮೇಲೆ ಅನುಮಾನ. ಗೇಜ್ ಅಲ್ಲಾಡದೆ ನಿಂತಿದ್ದರೆ ಬಾಯ್ಲರ್ ಪಾಸು, ಸೋರಿಕೆ ಇದ್ದರೆ ಮನೆಯ ಕಡೆ. ಹಳೆಯ ವಾಲ್ವ್ ಪೂರ್ತಿ ಮುಚ್ಚದೆ ಮೋಸ ಮಾಡುವುದೂ ಉಂಟು, ಅದಕ್ಕೆ ಫಲಿತಾಂಶ ಅನುಮಾನ ಬಂದರೆ ಇನ್ನೊಮ್ಮೆ ಮಾಡಿ.

ಯಾವ ಅರ್ಧದಲ್ಲಿ ನೀರು ಹೋಗುತ್ತಿದೆ ಅಂತ ಗೊತ್ತಾಗುವ ತನಕ ಒಂದು ಪೌಂಡನ್ನೂ ಬೇರೆ ಕಡೆ ಸುರಿಯಬೇಡಿ. ಸೀಲರ್ ಬಗ್ಗೆ ಕೇಳಿದಿರಿ. ಗಾಳಿ ಹೋದ ವೆಸೆಲ್ ಅದರಿಂದ ಸರಿಹೋಗುವುದಿಲ್ಲ. ಎಲ್ಲಿ ಸೋರುತ್ತಿದೆ ಅಂತಲೇ ತಿಳಿಯದೆ ಲೈನಿಗೆಲ್ಲ ಅಂಟು ಸುರಿಯುವುದು ನನಗಂತೂ ಒಪ್ಪಿಗೆಯಿಲ್ಲ.


ರೆಡಿಂಗ್ ಮನೆಯವನು:

ಅಪ್‌ಡೇಟ್. ಬೇರೆ ಇಂಜಿನಿಯರ್ ಬಂದಿದ್ದರು. ವೆಸೆಲ್ ವಾಲ್ವ್ ಒತ್ತಿದರೆ 'ಪುಸ್' ಅಂತಲೂ ಅನ್ನಲಿಲ್ಲ, ಸೊನ್ನೆ. ಪುಣ್ಯಕ್ಕೆ ನೀರು ಬರಲಿಲ್ಲ, ರಬ್ಬರ್ ಸರಿ ಇದೆ. ಡ್ರೇನ್ ತೆರೆದಿಟ್ಟು 0.75ಕ್ಕೆ ತುಂಬಿದರು. ರಿಲೀಫ್ ವಾಲ್ವ್ ಹನಿಸುತ್ತಿತ್ತು, ಅದನ್ನೂ ಬದಲಿಸಿದರು. ಈಗ ತಣ್ಣಗಿದ್ದಾಗ 1.4, ಬಿಸಿಯಾದಾಗ 2ರ ಸ್ವಲ್ಪ ಮೇಲೆ. ಚೀಲ ಒಣಗಿದೆ. ಅಪ್ಪ ದಿನಾ ಬೆಳಿಗ್ಗೆ ಕಾಫಿ ಹಿಡಿದು ಗೇಜ್ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದಾರೆ.

ಆದರೆ ಪೂರ್ತಿ ನಿಂತಿಲ್ಲ. ಒಂದು ವಾರದಲ್ಲಿ 1.4 ಇದ್ದದ್ದು 1.3ಕ್ಕೆ ಬಂದಿದೆ. ವಾಲ್ವ್ ಮುಚ್ಚಿಟ್ಟ ರಾತ್ರಿಗಳಲ್ಲಿ ಬಾಯ್ಲರ್ ಗೇಜ್ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಹಾಗಾದರೆ ಮನೆಯ ಕಡೆ. ನೆಲವೇ ಅಂತಾಯ್ತಾ?


ಲೀಡ್ಸ್ ಹೀಟಿಂಗ್:

ಅಪ್ಪನಿಗೆ ನನ್ನ ನಮಸ್ಕಾರ ಹೇಳಿ, ಆ ಕ್ಯಾಲೆಂಡರ್ ನನಗೆ ಯಾವ ಮೆಷೀನಿಗಿಂತ ಜಾಸ್ತಿ ಉಪಯೋಗ.

ಗಾಬರಿ ಬೇಡ. ಲೆಕ್ಕ ಹಾಕೋಣ. ವೆಸೆಲ್ ಸತ್ತಿದ್ದಾಗ ಒಂದು ಟೀ ಕಪ್ ನೀರು ಹೋದರೂ ಮುಳ್ಳು ನೆಲ ಕಚ್ಚುತ್ತಿತ್ತು, ಯಾಕಂದರೆ ಒತ್ತುವುದಕ್ಕೆ ಗಾಳಿಯೇ ಇರಲಿಲ್ಲ. ಈಗ ಗಾಳಿ ಇದೆ. 8 ಲೀಟರ್ ವೆಸೆಲ್, 0.75 ತುಂಬಿದ್ದು ಅಂದರೆ, 1.5ರಿಂದ 1.0ಕ್ಕೆ ಇಳಿಯಲು ಸುಮಾರು 1.4 ಲೀಟರ್ ಹೋಗಬೇಕು. 1.4ರಿಂದ 1.3ಕ್ಕೆ ಅಂದರೆ ಹೆಚ್ಚೆಂದರೆ ಕಾಲು ಲೀಟರ್. ಅದೂ ಒಂದು ವಾರಕ್ಕೆ. ದಿನಕ್ಕೆ ಎರಡು ಮೂರು ದೊಡ್ಡ ಚಮಚ. ಅಷ್ಟು ನೀರು ಬಿಸಿ ಪೈಪಿನ ಮೇಲೆಯೇ ಆವಿಯಾಗಿ ಹೋಗುತ್ತದೆ, ನೆಲ ಮುಟ್ಟುವುದೂ ಇಲ್ಲ. ಜೊತೆಗೆ ಹೊಸದಾಗಿ ತುಂಬಿದ ನೀರಿನಲ್ಲಿ ಕರಗಿದ ಗಾಳಿಯೂ ಮೊದಲ ಕೆಲವು ದಿನ ಏರ್ ವೆಂಟಿನಿಂದ ಹೊರಗೆ ಹೋಗುತ್ತಿರುತ್ತದೆ. ಆ ಪಾಲೂ ಸ್ವಲ್ಪ ಇರಬಹುದು. ರೇಡಿಯೇಟರ್ ಬ್ಲೀಡ್ ಮಾಡಿದ್ದರೆ (ಒಳಗಿನ ಗಾಳಿ ಬಿಟ್ಟಿದ್ದರೆ) ಅದೂ ಸೇರಿತು.

ಕಾಂಕ್ರೀಟ್ ಒಳಗಿನ ತೂತು ಹೀಗೆ ಲೆಕ್ಕ ಇಟ್ಟು ಹನಿಸುವುದು ಕಡಿಮೆ. ನನಗೆ ಅನುಮಾನ ಯಾವುದೋ ರೇಡಿಯೇಟರ್ ವಾಲ್ವಿನ ಮೇಲೆ. ಒಂದೊಂದನ್ನೂ ಟಾರ್ಚ್ ಹಿಡಿದು ನೋಡಿ, ನೀರನ್ನಲ್ಲ, ಗುರುತನ್ನು ಹುಡುಕಿ. ತಾಮ್ರದ ಮೇಲೆ ಹಸಿರು ಪುಡಿ, ನಟ್ಟಿನ ಸುತ್ತ ಬಿಳಿ ಹರಳು, ಕಾರ್ಪೆಟ್ ಮೇಲೆ ಕಂದು ಚುಕ್ಕೆ.


ಲೆಸ್ಟರ್ ಅಕ್ಕ:

ನಮ್ಮಲ್ಲಿ ಇಂಥದ್ದೇ ಸಣ್ಣ ಲೀಕ್ ಹುಡುಕಲು ನಾನು ಮಾಡಿದ್ದು ಹೇಳುತ್ತೇನೆ. ಕೆಲವು ಜಾಯಿಂಟ್ ತಣ್ಣಗಿದ್ದಾಗ ಮಾತ್ರ ಸೋರುತ್ತವೆ. ಕಾದಾಗ ಲೋಹ ಹಿಗ್ಗಿ ಬಿಗಿಯಾಗುತ್ತದೆ. ನಾವು ಕೈಯಿಟ್ಟು ನೋಡುವುದು ಹೀಟಿಂಗ್ ಓಡುವಾಗ, ಆಗ ಎಲ್ಲ ಒಣಗಿರುತ್ತದೆ. ಅದಕ್ಕೆ ರಾತ್ರಿ ಹೀಟಿಂಗ್ ಆಫ್ ಆದ ಮೇಲೆ ಪ್ರತಿ ವಾಲ್ವಿನ ಸುತ್ತ ಒಂದು ಸುತ್ತು ಟಾಯ್ಲೆಟ್ ಟಿಶ್ಯೂ ಸುತ್ತಿ. ಎರಡೂ ತುದಿಗೆ ಸುತ್ತಿ, ತಿರುಗಿಸುವ ಕಡೆಗೂ, ಬಿಳಿ ಮುಚ್ಚಳ ಇರುವ ಕಡೆಗೂ. ಟಿಶ್ಯೂ ಮೇಲೆ ಮಕ್ಕಳ ಸ್ಕೆಚ್ ಪೆನ್ನಿನಿಂದ ನಾಲ್ಕೈದು ಚುಕ್ಕೆ ಇಡಿ. ಹನಿ ಬಿದ್ದು ಬೆಳಗಿನ ಹೊತ್ತಿಗೆ ಒಣಗಿದರೂ ಚುಕ್ಕೆ ಹರಡಿರುತ್ತದೆ, ಸುಳ್ಳು ಹೇಳುವುದಿಲ್ಲ. ಬಾತ್‌ರೂಮಿನ ಟವೆಲ್ ರೇಲ್ ಮರೆಯಬೇಡಿ. ಅಲ್ಲಿ ಒದ್ದೆ ಕಂಡರೆ ಸ್ನಾನದ ಹಬೆ ಅಂತ ಎಲ್ಲರೂ ಬಿಟ್ಟುಬಿಡುತ್ತೇವೆ. ಯಾರೂ ಸ್ನಾನ ಮಾಡದ ಹೊತ್ತಿನಲ್ಲಿ ಸುತ್ತಿ.


ರೆಡಿಂಗ್ ಮನೆಯವನು:

ಸಿಕ್ಕಿತು! ಲೆಸ್ಟರ್ ಅಕ್ಕ, ನೀವು ಹೇಳಿದ ಟವೆಲ್ ರೇಲೇ. ಉಳಿದ ಎಲ್ಲ ಟಿಶ್ಯೂಗಳ ಚುಕ್ಕೆ ಇಟ್ಟ ಹಾಗೇ ಇದ್ದವು. ಟವೆಲ್ ರೇಲಿನ ಗೋಡೆ ಬದಿಯ ವಾಲ್ವಿನ ಟಿಶ್ಯೂ ಮುಟ್ಟಿದರೆ ಒಣಗಿತ್ತು, ಆದರೆ ನೀಲಿ ಚುಕ್ಕೆಗಳೆಲ್ಲ ಹರಡಿ ಒಂದಾಗಿದ್ದವು. ಅಮ್ಮನೇ ಮೊದಲು ನೋಡಿದ್ದು. ಕ್ರೋಮ್ ಮುಚ್ಚಳ ಮೇಲಕ್ಕೆ ಸರಿಸಿ ಟಾರ್ಚ್ ಬಿಟ್ಟರೆ ನಟ್ಟಿನ ಕೆಳಗೆ ಸಾಸಿವೆ ಕಾಳಿನಷ್ಟು ಹಸಿರು ಗಂಟು, ಅಲ್ಲಿಂದ ಪೈಪಿನ ಗುಂಟ ಒಂದು ಬಿಳಿ ಗೆರೆ ಇಳಿದು ಹಲಗೆಯ ತೂತಿನೊಳಗೆ ಹೋಗಿದೆ. ಹೊರಗಿನಿಂದ ಏನೂ ಕಾಣುವುದಿಲ್ಲ.

ಇಂಜಿನಿಯರ್ ನಟ್ ಸ್ವಲ್ಪ ಬಿಗಿ ಮಾಡಿ ನೋಡಿದರು, ನಿಲ್ಲಲಿಲ್ಲ. ವಾಲ್ವನ್ನೇ ಬದಲಿಸಿದರು. ಅಪ್ಪನ ಕ್ಯಾಲೆಂಡರಿನಲ್ಲಿ ಅಂದಿನಿಂದ ತಣ್ಣನೆಯ ಅಂಕಿ 1.4, ಅದೇ ಸಾಲು. ನೆಲ ಮುಟ್ಟಲಿಲ್ಲ. ನಿಮಗೆಲ್ಲ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಇನ್ನೇನಾದರೂ ಮಾಡಬೇಕಾ?


ಲೀಡ್ಸ್ ಹೀಟಿಂಗ್:

ತುಂಬಾ ಖುಷಿಯಾಯಿತು. ಇನ್ನೆರಡು ಕೆಲಸ ಇದೆ, ಬಿಡಬೇಡಿ.

ಇಷ್ಟು ದಿನ ದಿನಾ ಹೊಸ ನೀರು ತುಂಬಿಸಿದ್ದೀರಿ. ಹೊಸ ನೀರಿನ ಜೊತೆ ಆಮ್ಲಜನಕ ಒಳಗೆ ಹೋಗಿ ರೇಡಿಯೇಟರಿನ ಕಬ್ಬಿಣವನ್ನು ತಿನ್ನುತ್ತದೆ. ಚೀಲದಲ್ಲಿ ಕಂಡ ಕಪ್ಪು ನೀರು ಅದೇ. ಮೊದಲು ಹಾಕಿದ್ದ ಇನ್ಹಿಬಿಟರ್ (ತುಕ್ಕು ತಡೆಯುವ ದ್ರವ) ಕೂಡ ಇಷ್ಟು ಹೊತ್ತಿಗೆ ತೊಳೆದುಹೋಗಿರುತ್ತದೆ. ಜೊತೆಗೆ ರೆಡಿಂಗ್ ಕಡೆ ಗಡಸು ನೀರು, ತುಂಬಿಸಿದಷ್ಟೂ ಸುಣ್ಣ. ಒಂದು ಬಾಟಲಿ ಇನ್ಹಿಬಿಟರ್ ಹಾಕಿಸಿ. ನೀರು ತುಂಬಾ ಕಪ್ಪಗಿದ್ದರೆ ಅದಕ್ಕೂ ಮೊದಲು ಲೈನ್ ಕ್ಲೀನ್ ಮಾಡಿಸಿ, ಕಬ್ಬಿಣದ ಕಸ ಹಿಡಿಯುವ ಮ್ಯಾಗ್ನೆಟಿಕ್ ಫಿಲ್ಟರ್ ಇಲ್ಲದಿದ್ದರೆ ರಿಟರ್ನ್ ಪೈಪಿಗೆ ಒಂದು ಕೂರಿಸಿ.

ಇನ್ನೊಂದು, ನಿಮ್ಮ ಫಿಲ್ಲಿಂಗ್ ಲೂಪ್ ಹೆಣೆದ ಬೆಳ್ಳಿ ಬಣ್ಣದ ಪೈಪ್ ಆಗಿದ್ದರೆ, ಎರಡೂ ವಾಲ್ವ್ ಮುಚ್ಚಿ ಅದನ್ನು ಬಿಚ್ಚಿಡಿ, ತುದಿಗಳಿಗೆ ಕ್ಯಾಪ್ ಹಾಕಿ. ಇಲ್ಲಿನ ನೀರಿನ ನಿಯಮವೂ ತುಂಬಿಸಿದ ಮೇಲೆ ಬಿಚ್ಚಿಡಬೇಕು ಅಂತಲೇ ಇದೆ. ಹಾಗೇ ಬಿಟ್ಟರೆ ಅದರ ವಾಲ್ವ್ ಸ್ವಲ್ಪ ಸೋರಿದರೂ ಮೇನ್ಸ್ ನೀರು ಸದ್ದಿಲ್ಲದೆ ಒಳಗೆ ಹೋಗುತ್ತಿರುತ್ತದೆ. ಆಗ ನಿಜವಾದ ಲೀಕ್ ಇದ್ದರೂ ಅಪ್ಪನ ಕ್ಯಾಲೆಂಡರಿನಲ್ಲಿ 1.4 ಅಂತಲೇ ಬರುತ್ತದೆ.